ತಮ್ಮನ ಅಕೌಂಟು, ಕಾರ್ಡ್ ನನ್ನ ಹತ್ರ, ಓಟಿಪಿ ಅವನ ಹತ್ರ. ಹೀಗೇ ನಡೆಸ್ಬೋದಾ?

ಕಾಫಿಹೂ_ನಾಪೋಕ್ಲು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ ಬೈಬೇಡಿ. ಕೊಡಗಿನ ನಾಪೋಕ್ಲು ಹತ್ರ ನಮ್ದು ಸಣ್ಣ ಕಾಫಿ ತೋಟ, ರೋಬಸ್ಟಾ ಜಾಸ್ತಿ, ಮರಕ್ಕೆ ಮೆಣಸು ಹಬ್ಬಿಸಿದ್ದೀವಿ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಮನೇಲಿ ನಾನು ಅಮ್ಮ, ತಮ್ಮ ಬೆಂಗಳೂರಲ್ಲಿ ಕೆಲ್ಸ. ಅಪ್ಪ ಹೋದ್ಮೇಲೆ ಅವರ ಅಕೌಂಟ್ ನಿಂತೋಯ್ತು, ಆಗ ಅರ್ಜೆಂಟಿಗೆ ಕಾಫಿ ದುಡ್ಡು ತಮ್ಮನ ಅಕೌಂಟಿಗೆ ಹಾಕ್ಸಿದ್ವಿ, ಅದೇ ಹಾಗೇ ಮುಂದುವರೀತು. ಎಟಿಎಂ ಕಾರ್ಡ್ ನನ್ನ ಹತ್ರ ಉಂಟು, ಪಿನ್ ಗೊತ್ತು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡೂ ಗೊತ್ತು. ಓಟಿಪಿ ಮಾತ್ರ ಅವನ ಫೋನಿಗೆ ಬರ್ತದೆ.

ಎರಡು ವರ್ಷ ಎಂತದೂ ತೊಂದ್ರೆ ಇರ್ಲಿಲ್ಲ. ಈ ಸಲ ಕಕ್ಕಡದಲ್ಲಿ (ನಮ್ಮಲ್ಲಿ ಜೋರು ಮಳೆಯ ತಿಂಗಳು) ನಾಲ್ಕು ದಿನ ಕರೆಂಟಿಲ್ಲ, ಟವರ್ ಸತ್ತು ಮಲಗಿದೆ, ಭಾಗಮಂಡಲ ರಸ್ತೆ ಮೇಲೆ ನೀರು. ಶನಿವಾರ ಆಳುಗಳಿಗೆ ಕೂಲಿ ಬಟವಾಡೆ. ಬಾಣೆ ಗುಡ್ಡದ ಮೇಲಿನ ಬಂಡೆ ಹತ್ತಿದ್ರೆ ಒಂದು ಕಡ್ಡಿ ಸಿಗ್ನಲ್ ಸಿಗ್ತದೆ, ಅಲ್ಲಿ ಕೊಡೆ ಹಿಡ್ಕೊಂಡು ನಿಂತು ಗೊಬ್ಬರದ ಅಂಗಡಿಯವರಿಗೆ ದುಡ್ಡು ಹಾಕ್ಲಿಕ್ಕೆ ನೋಡಿದ್ರೆ ಓಟಿಪಿ ಹೋಗಿದ್ದು ತಮ್ಮನಿಗೆ, ಅವನು ಮೀಟಿಂಗಲ್ಲಿ, ಅವನು ನೋಡಿ ನನಗೆ ಹೇಳೋ ಹೊತ್ತಿಗೆ ಟೈಮ್ ಮುಗೀತು, ಮತ್ತೆ ಹಾಕಿದ್ರೆ ಮತ್ತೆ ಹಾಗೇ, ಮೂರನೇ ಸಲಕ್ಕೆ ಲಾಕ್. ಆಳುಗಳಿಗೆ ಕೊಡ್ಲಿಕ್ಕೆ ಕೊನೆಗೆ ಅಂಗಡಿ ಮಾವನ ಹತ್ರ ಕೈಸಾಲ.

ಈಗ ತಮ್ಮನಿಗೆ ಮದುವೆ ನಿಶ್ಚಯ ಆಗಿದೆ. ಹುಡುಗಿ ಒಳ್ಳೆಯವಳೇ. ಮೊನ್ನೆ ಸುಮ್ನೆ ಮಾತಾಡ್ತಾ "ಈ ಕಾಫಿ ದುಡ್ಡು ಇವರ ಸೇವಿಂಗ್ಸಾ ಮನೇದಾ" ಅಂತ ಕೇಳಿದ್ಳು. ತಪ್ಪೇನೂ ಇಲ್ಲ ಅವಳು ಕೇಳಿದ್ರಲ್ಲಿ. ಆದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಮ್ಮನ ಹತ್ರ ಹೇಳಿದ್ರೆ "ಅಕ್ಕ ತಮ್ಮನ ಮಧ್ಯೆ ಎಂತ ಲೆಕ್ಕ" ಅಂತಾರೆ. ಜಾಯಿಂಟ್ ಮಾಡ್ಸೋದಾ, ನನ್ನ ಹೆಸರಲ್ಲಿ ಬೇರೆ ಮಾಡೋದಾ, ಹೀಗೇ ಬಿಡೋದಾ? ಗೊತ್ತಿರೋರು ಹೇಳಿ.

ಬುಲೆಟ್_ಕುಶಾಲನಗರ:
ಅಕ್ಕ ನಾವು ನಾಲ್ಕು ಜನ ಫ್ರೆಂಡ್ಸ್ ಒಂದೇ ಟೀವಿ ಆ್ಯಪಿನ ಪಾಸ್‌ವರ್ಡಲ್ಲಿ ಐದು ವರ್ಷ ಸಂಸಾರ ಮಾಡಿದ್ವಿ, ಮ್ಯಾಚ್ ದಿವಸ ಮಾತ್ರ ಜಗಳ 😀 ಬ್ಯಾಂಕ್ ವಿಷಯ ನಂಗೊತ್ತಿಲ್ಲ, ಇಲ್ಲಿ ಕೌಂಟರ್ ಅಂಕಲ್ ಇದ್ದಾರಲ್ಲ, ಕರೀರಿ.

ಕೌಂಟರ್_ನಂಬರ್_3:
ಕರೆದಿದ್ದಕ್ಕೆ ಬಂದೆ. ಮೂವತ್ತಮೂರು ವರ್ಷ ಬ್ಯಾಂಕಲ್ಲಿ ಕೂತವನು ನಾನು, ಅದರಲ್ಲಿ ಜಾಸ್ತಿ ಕೊಡಗಲ್ಲೇ.

ನೋಡಮ್ಮ, ಬೇಜಾರು ಮಾಡ್ಕೋಬೇಡ, ಈಗ ನೀವು ಮಾಡ್ತಿರೋದು ಇಬ್ಬರ ಅಕೌಂಟ್ ಅಲ್ಲ. ಅದು ತಮ್ಮನ ಅಕೌಂಟು, ನೀನು ಅವನ ಕಾರ್ಡ್ ಉಜ್ತಾ ಇದ್ದೀಯ ಅಷ್ಟೆ. ಕಾರ್ಡ್ ಯಾರ ಹೆಸರಿಗೆ ಕೊಟ್ಟಿದ್ದಾರೋ ಅವರೇ ಬಳಸ್ಬೇಕು ಅನ್ನೋದು ನಿಯಮ, ಮನೆಯವರಿಗೂ ಪಿನ್ ಹೇಳೋ ಹಾಗಿಲ್ಲ. ನಡೀತಿರೋವರೆಗೆ ಯಾರೂ ಕೇಳಲ್ಲ ಸರಿ. ಬೆಂಗಳೂರಲ್ಲಿ 2013ರಲ್ಲಿ ಒಂದು ಪ್ರಕರಣ ಆಯ್ತು, ಹೆರಿಗೆ ರಜೆಯಲ್ಲಿದ್ದ ಹೆಂಗಸು ಗಂಡನ ಕೈಗೆ ಕಾರ್ಡ್ ಕೊಟ್ಟು ಕಳಿಸಿದ್ರು, ಮಿಷಿನಿಂದ 25,000ಕ್ಕೆ ಚೀಟಿ ಬಂತು, ದುಡ್ಡು ಬರ್ಲಿಲ್ಲ. ಗ್ರಾಹಕರ ವೇದಿಕೆಗೆ ಹೋದ್ರು. 2018ರಲ್ಲಿ ತೀರ್ಪು ಬಂತು, ಪಿನ್ ಗಂಡನಿಗೆ ಹೇಳಿದ್ದೇ ತಪ್ಪು ಅಂತ ಕೇಸ್ ಬಿದ್ದೋಯ್ತು. ಗಂಡ ಹೆಂಡ್ತಿಗೇ ಹಾಗೆ.

ಇನ್ನೊಂದು, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಯಾವನೋ ಹೊರಗಿನ ಕಳ್ಳ ದುಡ್ಡು ಹೊಡೆದ್ರೆ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ಹೇಳಿದ್ರೆ ನಿನ್ನ ಮೇಲೆ ನಷ್ಟ ಇಲ್ಲ. ಆದ್ರೆ ಗ್ರಾಹಕರೇ ಪಿನ್ನು ಪಾಸ್‌ವರ್ಡು ಬಿಟ್ಟುಕೊಟ್ಟು ಹೋಗಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಪೂರ್ತಿ ಗ್ರಾಹಕರದ್ದೇ. ನಿಮ್ಮ ಕೇಸಲ್ಲಿ ಪಾಸ್‌ವರ್ಡ್ ಎರಡು ಊರಲ್ಲಿ ಉಂಟು. (ಅಕಸ್ಮಾತ್ ಮೋಸ ಆದ್ರೆ 1930ಕ್ಕೆ ಫೋನ್ ಮಾಡಿ, ಬೆಳಿಗ್ಗೆ ನೋಡೋಣ ಅಂತ ಕೂರ್ಬೇಡಿ.)

ಜಾಯಿಂಟ್ ಅಂದ್ರೂ ಒಂದೇ ಥರ ಅಲ್ಲ. ಫಾರಂನಲ್ಲಿ ಒಂದು ಸಾಲು ಇರ್ತದೆ, ಯಾರು ನಡೆಸ್ಬೋದು ಅಂತ. ಜನ ಅದನ್ನ ಓದದೇ ಸೈನ್ ಹಾಕ್ತಾರೆ, ನಮ್ಮವರೂ ಪೆನ್ಸಿಲಲ್ಲಿ ಟಿಕ್ ಹಾಕಿ ಕೊಟ್ಟುಬಿಡ್ತಾರೆ. ಈದರ್ ಆರ್ ಸರ್ವೈವರ್ ಅಂದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ತೆಗೀಬೋದು, ಒಬ್ಬರು ಹೋದ್ರೆ ಇನ್ನೊಬ್ಬರಿಗೆ ಬ್ಯಾಂಕ್ ದುಡ್ಡು ಕೊಡ್ತದೆ. ಫಾರ್ಮರ್ ಆರ್ ಸರ್ವೈವರ್ ಅಂದ್ರೆ ಮೊದಲ ಹೆಸರಿನವರು ಬದುಕಿರೋವರೆಗೆ ಅವರೊಬ್ಬರೇ. ರೈತರು ಅಂತ ತಿಳ್ಕೊಂಡು ಟಿಕ್ ಹಾಕಿದವರನ್ನ ನಾನೇ ನೋಡಿದ್ದೀನಿ, ನಗೋ ವಿಷಯ ಅಲ್ಲ. ಜಾಯಿಂಟ್ಲಿ ಅಂದ್ರೆ ಪ್ರತಿ ಸಲ ಇಬ್ಬರ ಸೈನ್, ಅದರಲ್ಲಿ ಎಟಿಎಂ ಕಾರ್ಡು ಯುಪಿಐ ಎಲ್ಲ ಸಾಮಾನ್ಯವಾಗಿ ಕೊಡಲ್ಲ. ನಿನಗೆ ಬೇಕಿರೋದು ಮೊದಲನೇದು.

ಫೌಜಿ_ಮನೆ_ಪೊನ್ನಂಪೇಟೆ:
ಅಕ್ಕ ನಮ್ಮನೇಲಿ ಇವರು ಆರ್ಮಿಯಲ್ಲಿ ಇದ್ದಷ್ಟು ದಿನವೂ ಎಲ್ಲ ಜಾಯಿಂಟೇ. ಮದುವೆ ಆದ ಹೊಸದ್ರಲ್ಲಿ ನಮ್ಮತ್ತೆನೇ ಕರ್ಕೊಂಡು ಹೋಗಿ ಮಾಡ್ಸಿದ್ದು, "ಗಡಿಯಲ್ಲಿರೋನ ಸೈನ್‌ಗೆ ಕಾದ್ರೆ ಮಕ್ಕಳ ಫೀಸ್ ಕಟ್ಟೋದ್ಯಾರು" ಅಂತ. ಈಗ ಪೆನ್ಷನ್ನೂ ಅದಕ್ಕೇ ಬರ್ತದೆ. ಗಂಡ ಹೆಂಡ್ತಿ ಜಾಯಿಂಟ್ ಇದ್ರೆ ಮುಂದೆ ಫ್ಯಾಮಿಲಿ ಪೆನ್ಷನ್‌ಗೆ ಹೊಸ ಅಕೌಂಟ್ ಮಾಡ್ಸೋ ಕೆಲ್ಸ ಇಲ್ಲ, ಅದೇ ನಡೀತದೆ ಅಂತ ಬ್ಯಾಂಕಲ್ಲಿ ಹೇಳಿದ್ರು. ನಮ್ಮ ಪಕ್ಕದ್ಮನೆ ಅಜ್ಜಿಯದ್ದು ಬೇರೆ ಕಥೆ. ಅಜ್ಜ ಒಬ್ಬರ ಹೆಸರಲ್ಲೇ ಇತ್ತು, ಅಜ್ಜ ಹೋದ್ಮೇಲೂ ಮೂರು ತಿಂಗಳು ಮೊಮ್ಮಗ ಕಾರ್ಡಲ್ಲಿ ತೆಗೀತಿದ್ದ, ಪಾಪ ಗೊತ್ತಿಲ್ದೇ, ಆಮೇಲೆ ಅಷ್ಟೂ ಪೆನ್ಷನ್ ವಾಪಸ್ ಕಟ್ಟಿ ಅಂತ ಬಂತು. ಆಗ ಅಜ್ಜಿ ನಮ್ಮನೆ ಜಗುಲಿಯಲ್ಲಿ ಕೂತು ಅತ್ತಿದ್ದು ಇನ್ನೂ ಕಣ್ಮುಂದೆ ಉಂಟು.

ಕರಿಮೆಣಸು:
ಎಲ್ಲಾ ಜಾಯಿಂಟ್ ಮಾಡ್ಸಿ ಜಾಯಿಂಟ್ ಮಾಡ್ಸಿ ಅಂತೀರಿ, ನನ್ನ ಕಥೆ ಕೇಳಿ ಆಮೇಲೆ ಹೇಳಿ.

ನಾನು ನಮ್ಮಣ್ಣ ಸೋಮವಾರಪೇಟೆ ಕಡೆ ಒಟ್ಟಿಗೆ ತೋಟ ನೋಡ್ತಿದ್ವಿ. ಯಾರಾದ್ರೂ ತೆಗೀಬೋದು ಅನ್ನೋ ಜಾಯಿಂಟೇ. ಒಂದು ವರ್ಷ ಮೆಣಸಿಗೆ ಒಳ್ಳೆ ರೇಟ್, ಪೂರ್ತಿ ದುಡ್ಡು ಬಂತು. ಹದಿನೈದು ದಿನ ಬಿಟ್ಟು ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಖಾಲಿ, ಅಣ್ಣ ಪಿಕಪ್ ತಗೊಂಡಿದ್ದಾನೆ, ಅವನ ಹೆಸರಲ್ಲಿ. ಮ್ಯಾನೇಜರ್ ಹತ್ರ ಕೂಗಾಡಿದೆ. ಅವರು ಫಾರಂ ತೆಗೆದು ತೋರಿಸಿದ್ರು, ನಿಮ್ಮದೇ ಸೈನ್ ಅಲ್ವಾ, ಅವರಿಗೆ ತೆಗೀಲಿಕ್ಕೆ ಹಕ್ಕು ಉಂಟು ಅಂತ. ಅಲ್ಲಿಗೆ ಮುಗೀತು.

ನಾನೂ ಬಿಡ್ಲಿಲ್ಲ, ಉಳಿದ ಕಾಫಿ ದುಡ್ಡು ಬರೋ ಮುಂಚೆ ಬ್ಯಾಂಕಿಗೆ ಲೆಟರ್ ಕೊಟ್ಟೆ, ನಮ್ಮಲ್ಲಿ ತಕರಾರು ಉಂಟು ಒಬ್ಬರಿಗೇ ಕೊಡ್ಬೇಡಿ ಅಂತ. ಇಬ್ಬರೂ ಸೈನ್ ಹಾಕಿ ಕೊಡೋವರೆಗೆ ನಿಲ್ಲಿಸಿಬಿಟ್ರು. ನನ್ನ ಕೈಗೂ ಇಲ್ಲ ಅವನ ಕೈಗೂ ಇಲ್ಲ. ಎಂಟು ತಿಂಗಳು. ಕೊಯ್ಲಿನ ಸಮಯ ಆಳುಗಳಿಗೆ ಕೊಡ್ಲಿಕ್ಕೆ ಹೆಂಡ್ತಿ ಬಳೆ ಅಡ ಇಟ್ಟೆ. ಈಗ ಅಣ್ಣ ತಮ್ಮ ಮಾತಾಡ್ತೀವಿ, ಹಬ್ಬಕ್ಕೆ ಹೋಗ್ತೀವಿ, ಆದ್ರೆ ಆ ಪಿಕಪ್ ಶಬ್ದ ಕೇಳಿದ್ರೆ ಈಗ್ಲೂ ಹೊಟ್ಟೆ ಉರೀತದೆ.

ಕಾಫಿಹೂ_ನಾಪೋಕ್ಲು:
ಅಯ್ಯೋ ಅಣ್ಣ. ನಮ್ಮ ತಮ್ಮ ಹಾಗಲ್ಲ ಅಂತ ಬರೀಲಿಕ್ಕೆ ಹೊರಟೆ, ನೀವೂ ಆಗ ಹಾಗೇ ಅಂದ್ಕೊಂಡಿರ್ತೀರಲ್ವಾ ಅಂತ ಅಳಿಸಿದೆ. ಮತ್ತೆ ನನ್ನ ಮೇಲೆ ಅವನೂ ಹಾಗೇ ಅಂದ್ಕೊಳ್ಬೋದಲ್ಲ, ಅಕ್ಕ ತೆಗೆದ್ರೆ ಅಂತ. ಅದು ನಂಗೆ ಹೊಳೆದೇ ಇರ್ಲಿಲ್ಲ.

ಕೌಂಟರ್ ಅಂಕಲ್, ಅವನ ಈಗಿನ ಅಕೌಂಟಿಗೇ ನನ್ನ ಹೆಸರು ಸೇರಿಸ್ಬೋದಾ? ಅದಕ್ಕೆ ಅವನ ಸಂಬಳವೂ ಬರ್ತದೆ.

ಕೌಂಟರ್_ನಂಬರ್_3:
ಇರೋ ಅಕೌಂಟಿಗೆ ಹೆಸರು ಸೇರಿಸ್ಲಿಕ್ಕೆ ಆಗ್ತದೆ, ಅರ್ಜಿ ಮತ್ತೆ ಇಬ್ಬರ ಕೆವೈಸಿ ಕೊಟ್ಟು. ಆದ್ರೆ ಸಂಬಳ ಬರೋದಕ್ಕೆ ಸೇರಬೇಡ ಅಂತ ನನ್ನ ಅಭಿಪ್ರಾಯ. ನಾಳೆ ಆ ಹುಡುಗಿ ಬಂದ್ಮೇಲೆ ಗಂಡನ ಸಂಬಳದ ಅಕೌಂಟಲ್ಲಿ ನಾದಿನಿ ಹೆಸರು ಯಾಕೆ ಅಂತ ಅನ್ನಿಸಲ್ವಾ. ತೋಟಕ್ಕೇ ಅಂತ ಹೊಸದು ಮಾಡಿ, ಮೊದಲ ಹೆಸರು ನಿಂದು ಇರ್ಲಿ, ಎರಡನೇದು ಅವನು. ಬ್ಯಾಂಕಲ್ಲಿ ಅವನ ಗ್ರಾಹಕ ಸಂಖ್ಯೆಗೆ ಅವನ ಫೋನ್ ನಂಬರ್, ನಿಂದಕ್ಕೆ ನಿನ್ನ ಫೋನ್ ನಂಬರ್ ಕೊಡಿ. ಎಟಿಎಂ ಕಾರ್ಡ್ ಇಬ್ಬರಿಗೂ ಬೇರೆ ಬೇರೆ ಸಿಗ್ತದೆ. ಯುಪಿಐ ಇಬ್ಬರ ಫೋನಲ್ಲೂ ಆಗ್ತದಾ ಅಂತ ಮಾತ್ರ ನಿಮ್ಮ ಬ್ರಾಂಚಲ್ಲಿ ಕೇಳ್ಕೊಳ್ಳಿ, ಎಲ್ಲಾ ಬ್ಯಾಂಕೂ ಒಂದೇ ಥರ ಮಾಡಲ್ಲ.

ಲೆಕ್ಕದವ_ಮಡಿಕೇರಿ:
ತಡವಾಗಿ ನೋಡಿದೆ. ಎಲ್ಲರೂ ಓಟಿಪಿ ಬಗ್ಗೆ ಹೇಳಿದ್ರಿ, ಟ್ಯಾಕ್ಸ್ ಬಗ್ಗೆ ಒಬ್ಬರೂ ಹೇಳ್ಲಿಲ್ಲ, ನಂಗೆ ಅದೇ ಹೊಟ್ಟೆಪಾಡು ಆದ್ದರಿಂದ ಹೇಳ್ತೀನಿ.

ತಮ್ಮ ಸಂಬಳದವನು. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಎಲ್ಲರಿಗೂ ಗೊತ್ತು, ಆದ್ರೆ ಬೇರೆ ಆದಾಯ ಇರೋನಿಗೆ ಕೃಷಿ ಆದಾಯ ವರ್ಷಕ್ಕೆ 5,000 ದಾಟಿದ್ರೆ ಅದನ್ನ ರೇಟ್ ಲೆಕ್ಕಕ್ಕೆ ಸೇರಿಸ್ತಾರೆ, ಅಂದ್ರೆ ಕಾಫಿಗೆ ಟ್ಯಾಕ್ಸ್ ಹಾಕಲ್ಲ, ಆದ್ರೆ ಕಾಫಿಯಿಂದಾಗಿ ಅವನ ಸಂಬಳದ ಮೇಲಿನ ಟ್ಯಾಕ್ಸ್ ಏರ್ತದೆ. ಈಗ ಮನೆಯವರ ಎಲ್ಲರ ಕಾಫಿ ದುಡ್ಡೂ ಅವನೊಬ್ಬನ ಪ್ಯಾನ್ ಇರೋ ಅಕೌಂಟಲ್ಲಿ ಕೂತಿದೆ. ನಾಳೆ ಇಲಾಖೆಯವರು ಕೇಳಿದ್ರೆ ಇದು ಅಮ್ಮಂದು ಅಕ್ಕಂದು ಅಂತ ತೋರಿಸೋ ಜವಾಬ್ದಾರಿ ಅವನದ್ದೇ. ಕ್ಯಾಷ್ ಕಟ್ಟೋ ಅಭ್ಯಾಸ ಇದ್ರೆ ಇನ್ನೂ ಹುಷಾರ್, ಸೇವಿಂಗ್ಸಿಗೆ ವರ್ಷಕ್ಕೆ 10 ಲಕ್ಷ ಅಥವಾ ಮೇಲೆ ನಗದು ಬಿದ್ರೆ ಬ್ಯಾಂಕೇ ವರದಿ ಮಾಡ್ತದೆ.

ಮತ್ತೆ ನೀವು ಚೆರಿ (ಕಾಫಿ ಹಣ್ಣು) ಒಣಗಿಸಿ ಹಾಗೇ ಮಾರ್ತೀರಾ, ಕ್ಯೂರಿಂಗ್ ಮಾಡ್ಸಿ, ಅಂದ್ರೆ ಸಿಪ್ಪೆ ತೆಗೆಸಿ ಬೀಜ ಮಾಡ್ಸಿ ಮಾರ್ತೀರಾ? ಚೆರಿ ಆದ್ರೆ ಪೂರ್ತಿ ಕೃಷಿ. ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದ್ರೆ 25% ಬಿಸಿನೆಸ್ ಆದಾಯ, ಹುರಿದು ಪುಡಿ ಮಾಡಿ ಮಾರಿದ್ರೆ 40%. ಹೋಂಸ್ಟೇಯಲ್ಲಿ ಪುಡಿ ಪ್ಯಾಕೆಟ್ ಮಾರೋರು ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಎಲ್ಲಕ್ಕಿಂತ ಮೊದ್ಲು, ಆರ್‌ಟಿಸಿ (ಪಹಣಿ) ಇನ್ನೂ ಅಪ್ಪನ ಹೆಸರಲ್ಲೇ ಉಂಟಾ? ಇದ್ರೆ ಪೌತಿ ಖಾತೆ ಮಾಡ್ಸಿ, ಅಂದ್ರೆ ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ. ಅಕೌಂಟಲ್ಲಿ ಹೆಸರಿದ್ದ ಮಾತ್ರಕ್ಕೆ ದುಡ್ಡು ಅವರದ್ದಾಗಲ್ಲ, ಇಲ್ಲದ ಮಾತ್ರಕ್ಕೆ ಹಕ್ಕು ಹೋಗಲ್ಲ. ಜಾಯಿಂಟ್ ಅಕೌಂಟಲ್ಲೂ ಬಡ್ಡಿ ಮೊದಲ ಹೆಸರಿನವರ ಪ್ಯಾನಿಗೇ ಹೋಗ್ತದೆ, ಯಾರ ಹೆಸರು ಮೊದ್ಲು ಅನ್ನೋದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. (ಕೊಡಗಿನ ಹಳೇ ಭೂ ಹಕ್ಕು ಜಮ್ಮಾ ಬಾಣೆ ವಿಷಯ ದಯವಿಟ್ಟು ಇಲ್ಲಿ ತೆಗೀಬೇಡಿ, ತೆಗೆದ್ರೆ ಈ ಚರ್ಚೆ ಮುಂದಿನ ಪುತ್ತರಿ ಸುಗ್ಗಿ ಹಬ್ಬಕ್ಕೂ ಮುಗಿಯಲ್ಲ.)

ಸಿದ್ದಾಪುರ_ಹುಡುಗ:
ಇಷ್ಟೆಲ್ಲಾ ಯಾಕೆ, ತಮ್ಮನ ಅಕೌಂಟಿಗೆ ಅಕ್ಕನ್ನ ನಾಮಿನಿ ಮಾಡಿದ್ರೆ ಮುಗೀತಲ್ವಾ, ನಾಮಿನಿಗೂ ಅರ್ಧ ಹಕ್ಕು ಇರ್ತದಲ್ಲ.

ಕೌಂಟರ್_ನಂಬರ್_3:
ಇಲ್ಲಪ್ಪಾ. ಅಕೌಂಟಿನವನು ಬದುಕಿರೋವರೆಗೆ ನಾಮಿನಿ ಒಂದು ರೂಪಾಯಿ ಮುಟ್ಟೋ ಹಾಗಿಲ್ಲ. ಅವನು ಹೋದ್ಮೇಲೂ ನಾಮಿನಿ ಬ್ಯಾಂಕಿಂದ ದುಡ್ಡು ಈಸ್ಕೊಳ್ಳೋನು ಅಷ್ಟೆ, ವಾರಸುದಾರರ ಹಕ್ಕು ಹಾಗೇ ಇರ್ತದೆ, ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ಜಾಯಿಂಟಲ್ಲಿ ನಾಮಿನಿ ಸರದಿ ಬರೋದು ಇಬ್ಬರೂ ಹೋದ್ಮೇಲೆ. ಆದ್ರೂ ನಾಮಿನಿ ಹಾಕ್ಲೇಬೇಕು, 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಹಾಕ್ಬೋದು, ಯಾರಿಗೆ ಎಷ್ಟು ಪಾಲು ಅಂತಲೂ ಬರೀಬೋದು. ನಾಮಿನಿನೂ ಇಲ್ಲ ಜಾಯಿಂಟೂ ಅಲ್ಲ ಅಂದ್ರೆ ಎಷ್ಟು ಕಾಗದ ಓಡಾಡ್ಬೇಕು ಅಂತ ಈ ಹುಡುಗಿಗೆ ಅವರಪ್ಪನ ಅಕೌಂಟಲ್ಲೇ ಗೊತ್ತಾಗಿರ್ತದೆ.

ಕಾಫಿಹೂ_ನಾಪೋಕ್ಲು:
ಹೌದು ಅಂಕಲ್. ಎಷ್ಟು ಸಲ ಹೋದೆ ಅಂತ ಲೆಕ್ಕ ಬಿಟ್ಟೆ. ಆಗ ದಿನಾ ಅಳು ಬರ್ತಿತ್ತು, ಅಪ್ಪ ಹೋಗಿದ್ದಕ್ಕಾ ಆ ಕಾಗದಕ್ಕಾ ಅಂತಲೇ ಗೊತ್ತಾಗ್ತಿರ್ಲಿಲ್ಲ.

ಬುಲೆಟ್_ಕುಶಾಲನಗರ:
ಒಂದು ಡೌಟು. ಯುಪಿಐ ಸರ್ಕಲ್ ಅಂತ ಬಂದಿದೆಯಲ್ಲ, ತಮ್ಮನ ಅಕೌಂಟೇ ಇರ್ಲಿ, ಅಕ್ಕನ ಫೋನಿಂದ ಪೇ ಮಾಡ್ಬೋದಲ್ಲ, ಪಿನ್ ಹೇಳೋದೇ ಬೇಡ. ನಮ್ಮಮ್ಮನಿಗೆ ನಾನು ಹಾಗೇ ಮಾಡಿಕೊಟ್ಟಿದ್ದೀನಿ, ಸಂತೆಗೆ ಹೋದಾಗ ಮೀನಿನವನಿಗೆ ಅವರೇ ಸ್ಕ್ಯಾನ್ ಮಾಡ್ತಾರೆ, ಖುಷಿಯೋ ಖುಷಿ.

ಲೆಕ್ಕದವ_ಮಡಿಕೇರಿ:
ಒಳ್ಳೇದೇ, 2024ರಲ್ಲಿ ಬಂತು. ಒಪ್ಪಿಗೆ ಕೇಳದೇ ಕಟ್ಲಿಕ್ಕೆ ಬಿಟ್ರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000 ಅಷ್ಟೇ ಮಿತಿ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಪ್ರತಿ ಸಲ ತಮ್ಮ ಅವನ ಫೋನಲ್ಲಿ ಪಿನ್ ಒತ್ತಬೇಕು, ಅಲ್ಲಿಗೆ ಮತ್ತೆ ಅದೇ ಮೀಟಿಂಗ್ ಅದೇ ಬಂಡೆ. ಅಮ್ಮನ ಮೀನಿಗೆ ಸರಿ, ಬಟವಾಡೆಗೆ ಸಾಲಲ್ಲ.

ಕರಿಮೆಣಸು:
ನಾನು ಆವಾಗ ಸಿಟ್ಟಲ್ಲಿ ಬರೆದೆ, ಬರೀ ಹೆದರಿಸಿ ಹೋದ ಹಾಗಾಯ್ತು. ಪಿಕಪ್ ಗಲಾಟೆ ಮುಗಿದ್ಮೇಲೆ ನಾವು ಎಂತ ಮಾಡ್ಕೊಂಡ್ವಿ ಅಂತ ಹೇಳ್ತೀನಿ. ಓಡಾಡೋ ದುಡ್ಡಿಗೆ ಒಂದು, ಯಾರು ಬೇಕಾದ್ರೂ ತೆಗೀಬೋದು, ಅದರಲ್ಲಿ ಎರಡು ತಿಂಗಳ ಖರ್ಚಿಗಿಂತ ಜಾಸ್ತಿ ಇಡಲ್ಲ. ಕೊಯ್ಲು ಮುಗಿದು ದುಡ್ಡು ಬಂದ ವಾರವೇ ಉಳಿದಿದ್ದು ಎಫ್‌ಡಿ, ಅದಕ್ಕೆ ಇಬ್ಬರ ಸೈನೂ ಬೇಕು. ಅಣ್ಣನೇ ಹೇಳಿದ್ದು ಇದನ್ನ, ನಾನಲ್ಲ. "ನಂಗೂ ಕೈ ಕಟ್ಟಿ ಹಾಕಿದ್ರೆ ಒಳ್ಳೇದು ಕಣೋ" ಅಂದ.

ಕೌಂಟರ್_ನಂಬರ್_3:
ಒಳ್ಳೆ ಏರ್ಪಾಡು. ಒಂದು ಎಚ್ಚರ, ಇಬ್ಬರ ಸೈನ್ ಅಂತ ಮಾಡಿದ ಎಫ್‌ಡಿಯಲ್ಲಿ ಒಬ್ಬರು ತೀರ್ಕೊಂಡ್ರೆ ಉಳಿದವರಿಗೆ ತಾನಾಗಿ ಸಿಗಲ್ಲ, ಹೋದವರ ವಾರಸುದಾರರೂ ಜೊತೆಗೆ ಬರ್ಬೇಕು. ಇವರ ಮನೇಲಿ ನಾಳೆ ತಮ್ಮನ ಹೆಂಡ್ತಿ ಅಂತ ಆಗ್ತದೆ. ಅದು ತಪ್ಪೂ ಅಲ್ಲ, ಅವಳ ಪಾಲು ಅವಳಿಗೆ ಸಿಗ್ಬೇಕಲ್ಲ. ಗೊತ್ತಿದ್ದು ಮಾಡಿ ಅಷ್ಟೆ. ಮತ್ತೆ ಎಲ್ಲಾ ಒಂದೇ ಬ್ಯಾಂಕಲ್ಲಿ ತುಂಬಬೇಡಿ, ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ. ಜಾಯಿಂಟಿನದ್ದು ಸ್ವಂತದ್ದರಿಂದ ಬೇರೆ ಲೆಕ್ಕ ಹಿಡೀತಾರೆ.

ಫೌಜಿ_ಮನೆ_ಪೊನ್ನಂಪೇಟೆ:
ಅಮ್ಮನ ಬಗ್ಗೆ ಯಾರೂ ಕೇಳ್ಲಿಲ್ಲ. ಅಕ್ಕ, ಅಮ್ಮನ ಸ್ವಂತ ಅಕೌಂಟ್ ಹಾಗೇ ಇರ್ಲಿ, ಅದನ್ನ ಇದಕ್ಕೆಲ್ಲ ಸೇರಿಸ್ಬೇಡಿ. ಗೃಹಲಕ್ಷ್ಮಿ ಗಿಹಲಕ್ಷ್ಮಿ ಎಲ್ಲಾ ಆಧಾರ್ ಲಿಂಕ್ ಇರೋದಕ್ಕೆ ಹೋಗ್ತದೆ, ಹೊಸ ಅಕೌಂಟ್ ಮಾಡುವಾಗ ಆಧಾರ್ ಲಿಂಕ್ ಬದಲಾಯಿಸಿಬಿಟ್ರೆ ಸಬ್ಸಿಡಿ ಎಲ್ಲಿಗೆ ಹೋಯ್ತು ಅಂತ ಹುಡುಕ್ತಾ ಕೂರ್ಬೇಕಾಗ್ತದೆ. ಅಲ್ದೇ ಹೆಂಗಸರಿಗೆ ವಯಸ್ಸಾದ್ಮೇಲೂ ಯಾರನ್ನೂ ಕೇಳದೇ ತೆಗೆಯೋ ಒಂದು ಐನೂರು ರೂಪಾಯಿ ಇರ್ಬೇಕು.

ಕಾಫಿಹೂ_ನಾಪೋಕ್ಲು:
ಐದು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಈ ಚರ್ಚೆ ಪೂರ್ತಿ ತಮ್ಮನಿಗೆ ಕಳಿಸಿದೆ. ಎರಡು ದಿನ ಮಾತೇ ಇಲ್ಲ, ನಂಗೆ ಹೆದರಿಕೆ, ಬೇಜಾರಾಯ್ತೇನೋ ಅಂತ. ಆಮೇಲೆ ಫೋನ್ ಮಾಡಿ "ಅಕ್ಕ ನಂಗೂ ಇದು ಗಂಟಲಲ್ಲಿ ಸಿಕ್ಕಿತ್ತು, ನೀನೇ ತೆಗೀಲಿ ಅಂತ ಕಾಯ್ತಿದ್ದೆ" ಅಂದ. ಸ್ಯಾಲರಿ ಸ್ಲಿಪ್ ಜೊತೆ ಸ್ಟೇಟ್‌ಮೆಂಟ್ ಕೊಡ್ಬೇಕಾದಾಗೆಲ್ಲ ಆಫೀಸಲ್ಲಿ ಈ ಲಕ್ಷಗಟ್ಲೆ ಎಲ್ಲಿಂದ ಅಂತ ಕೇಳ್ತಿದ್ರಂತೆ, ನಂಗೆ ಹೇಳೇ ಇರ್ಲಿಲ್ಲ.

ಪುತ್ತರಿಗೆ ಬಂದಾಗ ಮಾರನೇ ದಿನವೇ ಇಬ್ಬರೂ ಹೋದ್ವಿ. ಕದಿರು ತೆಗೆದ ಕೈಯಲ್ಲಿ ಫಾರಂ ಸೈನ್. ಆ ಸಾಲನ್ನ ನಾನೇ ಓದಿ ನಾನೇ ಟಿಕ್ ಹಾಕಿದೆ, ಪೆನ್ನಲ್ಲಿ. ಮೊದಲ ಹೆಸರು ನಂದು. ಈದರ್ ಆರ್ ಸರ್ವೈವರ್. ನಾಮಿನಿ ಅಮ್ಮ. ಕೌಂಟರಲ್ಲಿದ್ದ ಹುಡುಗಿ "ಗಂಡ ಹೆಂಡ್ತಿನಾ" ಅಂತ ಕೇಳಿದ್ಳು, ತಮ್ಮ ಬಿದ್ದು ಬಿದ್ದು ನಕ್ಕ. ಎಫ್‌ಡಿ ಈಗ ಇಲ್ಲ, ಕೊಯ್ಲು ಆದ್ಮೇಲೆ ಕರಿಮೆಣಸು ಅಣ್ಣನ ಹಾಗೇ ಇಬ್ಬರ ಸೈನ್ ಇಟ್ಟು. ಹಳೇ ಕಾರ್ಡ್ ಅವನಿಗೆ ಕೊಟ್ಟೆ, ಅವನು ಅಲ್ಲೇ ಪಿನ್ ಬದಲಾಯಿಸಿದ, ನಾನು ಆ ಕಡೆ ತಿರುಗಿ ನಿಂತೆ. ಎರಡು ವರ್ಷ ಗೊತ್ತಿದ್ದ ಪಿನ್, ಒಂಥರಾ ಆಯ್ತು. ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದೀವಿ, ಮೂರೂ ಜನದ ಹೆಸರಿಗೆ. ಮದುವೆ ಆಗೋ ಹುಡುಗಿಗೂ ತಮ್ಮನೇ ಎಲ್ಲಾ ಹೇಳಿದ್ದಾನೆ.

ಕರಿಮೆಣಸು:
ಸಂತೋಷ ಅಕ್ಕ. ಅಂಗಡಿ ಮಾವನ ಸಾಲ ತೀರಿಸಿದ್ರಾ ಇಲ್ವಾ?

ಕಾಫಿಹೂ_ನಾಪೋಕ್ಲು:
ಅವತ್ತೇ ಅಣ್ಣ, ಕರೆಂಟ್ ಬಂದ ದಿನವೇ!

ಮೊನ್ನೆ ಶನಿವಾರ ಹೊಸ ಅಕೌಂಟಿಂದ ಮೊದಲ ಬಟವಾಡೆ. ಓಟಿಪಿ ನನ್ನ ಫೋನಿಗೇ ಬರ್ತದೆ ಅಂತ ಎಷ್ಟು ಖುಷಿಯಲ್ಲಿದ್ದೆ. ಬೆಳಿಗ್ಗೆಯಿಂದ ಟವರಿಲ್ಲ. ಪುಣ್ಯಕ್ಕೆ ಶುಕ್ರವಾರ ಮಡಿಕೇರಿ ಸಂತೆಗೆ ಹೋದವಳು ನನ್ನದೇ ಕಾರ್ಡಲ್ಲಿ ಕ್ಯಾಷ್ ತಂದಿಟ್ಟಿದ್ದೆ. ಅಸ್ಸಾಂ ಹುಡುಗರು ಇಬ್ಬರು ಮಾತ್ರ ಫೋನಿಗೇ ಹಾಕಿ ಅಂತಾರೆ, ಊರಿಗೆ ಕಳಿಸ್ಬೇಕಂತೆ, ಅವರಿಬ್ಬರನ್ನ ಕರ್ಕೊಂಡು ಮತ್ತೆ ಅದೇ ಬಂಡೆ ಹತ್ತಿದೆ.